ನಾವು ಎಂದರೆ

ಹೊಸ ಬಣ್ಣದ ವಾಸನೆ ಎಂದರೆ ಅವಳಿಗೆ ಚಿಕ್ಕಂದಿನಿಂದಲೂ ಬೇರೆಯವರ ಮನೆ. ಅಪ್ಪ ಪೇಂಟರ್. ಸಂಜೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದನೆಂದರೆ ಊರವರ ಗೋಡೆಗಳೆಲ್ಲ ಒಳಗೆ ಬಂದು ನಿಂತ ಹಾಗೆ ಘಮ್ಮೆನ್ನುತ್ತಿತ್ತು. ಸ್ವಂತ ಮನೆಯ ಗೋಡೆಗೆ ಮಾತ್ರ, "ಪುರುಸೊತ್ತಾದಾಗ ಬಳಿಯೋಣ" ಎನ್ನುತ್ತಿದ್ದ. ಆ ಪುರುಸೊತ್ತು ಬರಲೇ ಇಲ್ಲ. ಹಾಗಾಗಿ ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ಮೂಲೆ ಕೋಣೆಗೆ ಬಳಿಯುತ್ತಿದ್ದ ಬಣ್ಣ ಮೂಗಿಗೆ ಬಡಿದದ್ದೇ, ಅವಳ ಕಾಲುಗಳು ತಾವಾಗಿಯೇ ನಿಂತವು.

ಚಳಿ ಮುಗಿದು ಅಂಗಳದ ಮರಗಳು ಚಿಗುರುತ್ತಿದ್ದವು. ಮುಂದಿನ ವರ್ಷ ಯಾರು ಯಾರ ಜೊತೆ ಇರುವುದು ಎಂದು ಹುಡುಗಿಯರೇ ಗುಂಪು ಕಟ್ಟಿಕೊಂಡು ವಾರ್ಡನ್ನರಿಗೆ ಹೇಳಬೇಕಾದ ಕಾಲ. ಯಾರ ಗುಂಪಿಗೂ ಸೇರದೆ ಉಳಿದವರಿಗೆ ಕೆಳಗಿನ ದೊಡ್ಡ ಹಾಲ್, ಹೊಸದಾಗಿ ಬರುವ ಮಕ್ಕಳ ಗಲಾಟೆಯ ನಡುವೆ. ಮೂಲೆ ಕೋಣೆಗೆ ಮೂರು ಮಂಚ. ಎತ್ತರದಿಂದಾಗಿ ‘ಏಣಿ’ ಎಂದು ಹೆಸರಾದವಳೂ ಅವಳ ಗೆಳತಿ ಡಾಕ್ಟರ ಮಗಳೂ ಮೂರನೆಯವಳಾಗಿ ಬಾ ಎಂದು ಇವಳನ್ನು ಕರೆದಿದ್ದರು. ಕ್ಲಾಸಿನಲ್ಲಿ ಎಲ್ಲರೂ ಪಕ್ಕ ಕೂರಲು ಹಾತೊರೆಯುವ ಜೋಡಿ. ಇವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಖುಷಿ ಹೊಟ್ಟೆಯಲ್ಲಿ ಉಳಿಯದೆ, ಒಣಗಿದ ಬಟ್ಟೆ ಮಡಚುತ್ತಿದ್ದ ರೂಮ್‌ಮೇಟಿಗೆ ಹೇಳಿಬಿಟ್ಟಳು. "ಮುಂದಿನ ವರ್ಷ ನಾವು ಮೂಲೆ ರೂಮಿಗೆ ಹೋಗ್ತೀವಿ ಕಣೇ."

ರೂಮ್‌ಮೇಟನ್ನು ಎಲ್ಲರೂ ಕರೆಯುತ್ತಿದ್ದುದು ‘ಅಜ್ಜಿ’ ಎಂದು. ಕೋಳಿಗಿಂತ ಮೊದಲೇ ಏಳುವವಳು, ಚಳಿ ಹೋದರೂ ಕಿವಿಗೆ ಮಫ್ಲರ್ ಸುತ್ತಿ ಗಟ್ಟಿಯಾಗಿ ಪಾಠ ಓದುವವಳು, ಇವಳ ಬಟ್ಟೆಯನ್ನೂ ತನ್ನದರ ಜೊತೆಗೇ ಮಡಚಿಡುವವಳು. ಅಜ್ಜಿಯ ಮುಖ ಅರಳಿತು.

"ಹೌದಾ? ನೀನೇ ಹೇಳ್ಲಿ ಅಂತ ಕಾಯ್ತಿದ್ದೆ ನೋಡು. ಕಿಟಕಿ ಹತ್ರದ ಮಂಚ ನೀನು ತಗೋ. ನನ್ನ ಬಾಯಿಪಾಠ ಬಾಗಿಲ ಕಡೆಗಿರ್ಲಿ, ನಿನ್ನ ನಿದ್ದೆ ಯಾಕೆ ಕೆಡ್ಬೇಕು. ಮೂರನೆಯವಳು ಯಾರು?"

ನಮ್ಮ ಭಾಷೆಯ ‘ನಾವು’ ಎಂಬ ಮಾತಿಗೆ ಬಾಗಿಲುಂಟು, ಚಿಲಕವಿಲ್ಲ; ಎದುರಿಗಿದ್ದವರು ನೇರ ಒಳಗೆ ಬಂದು ಕೂತುಬಿಡುತ್ತಾರೆ. ನೀನಲ್ಲ ಕಣೇ ಎನ್ನಲು ಅವಳು ಬಾಯಿ ತೆರೆದಳು. ಆ ಮುಖ ನೋಡಿ, "ಇನ್ನೂ ಗೊತ್ತಿಲ್ಲ" ಎಂದಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆಗೆ ನಾಳೆ ಸೇರುತ್ತ ಹೋಯಿತು. ಅಜ್ಜಿ ಹೋಗಿ ಕಿಟಕಿಯ ಅಳತೆ ತಂದು, ತನ್ನ ಹಳೆಯ ಹೊದಿಕೆಯನ್ನು ಕತ್ತರಿಸಿ ಪರದೆ ಹೊಲಿಯಲು ಕೂತಳು. ಒಂದು ಸಂಜೆ ಸೂಜಿಗೆ ದಾರ ಪೋಣಿಸುತ್ತ, "ಪಕ್ಕದ ರೂಮಿನವರು ನನ್ನ ಕರೆದಿದ್ರು. ನಾವು ಆಗ್ಲೇ ಮಾತಾಡ್ಕೊಂಡಿದ್ದೀವಿ ಅಂದೆ. ಪಾಪ, ಬೇರೆಯವಳನ್ನ ಸೇರಿಸ್ಕೊಂಡ್ರಂತೆ" ಎಂದಳು.

ಇವಳು ಆಗಲಾದರೂ ಹೇಳಬಹುದಿತ್ತು.

"ಪರದೆ ಚೆನ್ನಾಗಿ ಬರ್ತಿದೆ" ಎಂದಳು.

ಹೆಸರು ಕೊಡಬೇಕಾದ ದಿನ ಮಧ್ಯಾಹ್ನ ಊಟದ ಮನೆಯಲ್ಲಿ ಅಜ್ಜಿ ಇವಳ ಪಕ್ಕ ತಟ್ಟೆ ಇಟ್ಟು, ಎದುರಿಗಿದ್ದ ಏಣಿಯನ್ನೇ ಕೇಳಿದಳು. "ಮೂಲೆ ರೂಮಲ್ಲಿ ಒಂದು ಮಂಚ ಖಾಲಿ ಇದೆ. ನಮ್ಮ ಜೊತೆ ಬರ್ತೀಯೇನೇ?"

ಏಣಿಯ ಚಮಚ ಅರ್ಧದಲ್ಲೇ ನಿಂತಿತು. "ನಿಮ್ಮ ಜೊತೆನಾ? ಅಜ್ಜೀ, ಆ ರೂಮು ನಮ್ದು. ನಾನು, ಡಾಕ್ಟರ ಮಗಳು, ಮತ್ತೆ ನಿನ್ನ ಪಕ್ಕ ಕೂತಿರೋ ಈ ಮೌನಗೌರಿ. ಇವಳು ಹೇಳ್ಲಿಲ್ವಾ ನಿಂಗೆ?"

ಡಾಕ್ಟರ ಮಗಳು ಕಿಸಕ್ಕನೆ ನಕ್ಕಳು. ಇವಳು ನೀರಿನ ಲೋಟದೊಳಗೆ ನೋಡುತ್ತ ಕೂತಳು. ಅಜ್ಜಿ ತನ್ನತ್ತ ಒಮ್ಮೆ ತಿರುಗಿದ್ದು, ಮತ್ತೆ ಮುಖ ಆಚೆ ಮಾಡಿದ್ದು, ನೋಡದೆಯೂ ತಿಳಿಯಿತು.

"ಹೇಳಿದ್ಲು ಕಣೇ, ಹೇಳಿದ್ಲು" ಎಂದಳು ಅಜ್ಜಿ. "ಮಫ್ಲರ್ ಸುತ್ತಿರೋ ಕಿವಿ, ಅರ್ಧಂಬರ್ಧ ಕೇಳುತ್ತೆ. ಸುಮ್ನೆ ಅಜ್ಜಿ ಅಂತ ಹೆಸರಿಟ್ಟಿದ್ದೀರಾ?"

ಈಗ ಇಡೀ ಮೇಜು ನಕ್ಕಿತು. ಆ ಸುಳ್ಳು ಯಾರನ್ನು ಕಾಯಲು ಬಂದದ್ದೆಂದು ಆ ಮೇಜಿನಲ್ಲಿ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ಇವಳು ತಟ್ಟೆ ಬಿಟ್ಟು ಎದ್ದಳು.

ಸಂಜೆಯ ಊಟದ ಗಂಟೆಗೂ ಕೆಳಗಿಳಿಯಲಿಲ್ಲ. ತಾರಸಿಗೆ ಹೋಗುವ ಮೆಟ್ಟಿಲಲ್ಲಿ ಕೂತು ಮಾತು ಜೋಡಿಸುತ್ತಿದ್ದಳು. ಯಾವ ಮಾತನ್ನು ಹಿಡಿದು ನೋಡಿದರೂ ಅದು ತನ್ನನ್ನೇ ಸಮಾಧಾನ ಮಾಡುವಂತಿತ್ತು. ಕೆಳಗಿಂದ ಹೆಜ್ಜೆ ಸಪ್ಪಳ ಬಂತು. ಅಜ್ಜಿ.

"ಹಾಲ್‌ಗೆ ಹೆಸರು ಕೊಟ್ಯಾ?" ಇವಳೇ ಕೇಳಿದಳು.

"ಹ್ಞೂಂ."

"ನಾನು ಅವತ್ತೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು" ಎಂದಳು ಅಜ್ಜಿ. ದನಿಯಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ.

ಒಂದು ಮೆಟ್ಟಿಲು ಕೆಳಗೆ ಕೂತು, ಕೈಯಲ್ಲಿದ್ದ ತಟ್ಟೆಗೆ ಮುಚ್ಚಿದ್ದ ಇನ್ನೊಂದು ತಟ್ಟೆಯನ್ನು ತೆಗೆದಳು. ಬ್ರೆಡ್ಡು, ಬೇಯಿಸಿದ ತರಕಾರಿ, ಸಿಪ್ಪೆ ಸುಲಿದ ಒಂದು ಮೊಟ್ಟೆ. ಚಮಚದ ಹಿಡಿ ಇವಳ ಕಡೆ ಬರುವಂತೆ ತಿರುಗಿಸಿ, ತಟ್ಟೆಯನ್ನು ಕೈಗೆ ಕೊಟ್ಟಳು.