ಹೆಸರು ಬಿಟ್ಟು ಬರೆದ ಮೇಲ್

ಮುಂದ ಸರೀರಿ, ಮುಂದ ಸರೀರಿ ಎನ್ನುತ್ತ ಬಂದ ಕಂಡಕ್ಟರನ ಮೊಣಕೈ ತಾಗಿ ಅತಿಯಾಳ ಫೋನು ಮಡಿಲಿಗೆ ಬಿತ್ತು, ಬಿದ್ದರೇನು, ಪ್ರೊಫೆಸರರ ಉತ್ತರದ ಆ ಸಾಲು ಕಣ್ಣಿಗೇ ಅಂಟಿಕೊಂಡಿದೆ — ಹೆಸರೂ ಹಾಕದೆ ಸಿಕ್ಕಸಿಕ್ಕವರಿಗೆಲ್ಲ ಕಳಿಸುವ ಇಂಥ ಮೇಲ್‌ಗಳನ್ನು ನಾನು ಓದುವುದಿಲ್ಲ, ಬೇರೆ ಮಾರ್ಗದರ್ಶಕರನ್ನು ನೋಡಿಕೊಳ್ಳಿ. ಸಿಕ್ಕಸಿಕ್ಕವರಿಗಂತೆ. ಬಳೆಗಾರ್ತಿಯರ ಮೇಲೆ ಪಿಎಚ್‌ಡಿ ಮಾಡಿಸುವವರು ಈ ಸೀಮೆಗೆಲ್ಲ ಇವರೊಬ್ಬರೇ, ಇವರೊಬ್ಬರಿಗೇ ಬರೆದದ್ದು, ಹುಮನಾಬಾದಿನ ಕಾಲೇಜಿನಲ್ಲಿ ಪಾಠ ಮುಗಿಸಿ ಮೂಲೆ ಹಿಡಿದು ಕೂತು, ಬರೆದು ಅಳಿಸಿ ಮತ್ತೆ ಬರೆದು, ಪೂಜ್ಯ ಗುರುಗಳಿಗೆ ಎಂದು ಶುರುಮಾಡಿ, ಹೆಸರನ್ನು ಬೇಕೆಂದೇ ಬಿಟ್ಟು. ಹೆಸರು ಹಾಕಿದ್ರ ನಿನ್ನ ಗಂಟೇನು ಹೋಗ್ತಿತ್ತು ಎಂದು ಜೊತೆಗೆ ಪಾಠ ಹೇಳುವ ಮೀನಾಜ್ ನಕ್ಕಳು, ನಗಲಿ, ಅವಳ ಮನೆಯಲ್ಲಿ ಅತಿಯಾಳ ನಾನಿ ವಜೀರಬಿಯಂಥ ಬಳೆಗಾರ್ತಿ ಅಜ್ಜಿ ಇರಲಿಲ್ಲ, ಉಸ್ತಾದರ ಹೆಸರು ಹಾಂಗ ಬಾಯಾಗ ತಗೋಬಾರದು ಬೇಟಾ ಎನ್ನುವವಳು, ತನಗೆ ಬಳೆ ತೊಡಿಸಲು ಕಲಿಸಿದವಳನ್ನು ಬಡೀ ಆಪಾ, ದೊಡ್ಡಕ್ಕ, ಎಂದಷ್ಟೇ ಕರೆದು, ಕರೆದಾಗಲೆಲ್ಲ ಕಿವಿ ಮುಟ್ಟಿಕೊಳ್ಳುವವಳು. ಮರ್ಯಾದೆ ಕೊಟ್ಟದ್ದೇ ತಪ್ಪಾಯಿತು, ಥೂ, ಮುಂದಿನ ಸಾಲನ್ನಾದರೂ ಓದಬಾರದಿತ್ತೇ ಆ ಮನುಷ್ಯ, ಓದಿದ್ದರೆ ಮಂಠಾಳದ ಭಾಗಮ್ಮನ ಅಂಗಳ ಕಾಣುತ್ತಿತ್ತು, ನಾನಿಯ ಬಳೆಬುಟ್ಟಿಯ ಪಕ್ಕದಲ್ಲಿ ಕೂತ ಪುಟ್ಟ ಅತಿಯಾ, ಭಾಗಮ್ಮನ ಬಿಗಿಹಿಡಿದ ಕೈ, ಹೆಬ್ಬೆರಳ ಗೆಣ್ಣಿನ ಮೇಲೆ ಸಿಕ್ಕಿಬಿದ್ದ ಹಸಿರು ಬಳೆ, ನಾನಿಯ ದನಿ — ಹೆಬ್ಬಟ್ಟು ಒಳಗ ಮಡಚ್ರಿ ಭಾಗಮ್ಮ, ಸಡಿಲ ಬಿಡ್ರಿ, ದುಬಲಗುಂಡಿಗಿ ಹೋಗಿದ್ದೆ, ನಿಮ್ಮವ್ವ ಆರಾಮ ಅದಾಳ್ರಿ, ನಿಮ್ಮನ್ನೇ ಕೇಳಾಕತ್ತಿದ್ಳು — ತವರಿನ ಸುದ್ದಿ ಕೇಳುತ್ತ ಕೇಳುತ್ತ ಕೈ ತಾನೇ ಮೆತ್ತಗಾಗುತ್ತದೆ, ಬಳೆ ಇಳಿಯುತ್ತದೆ. ಅದೇ ಅವಳ ವಿಷಯ, ಊರೂರಿಗೆ ಬಳೆಯ ಜೊತೆ ಹೋದ ಸುದ್ದಿ.

ಸಸ್ತಾಪುರ ಬಂಗ್ಲಾ ಬಂತು, ಬಸ್ಸು ಕಲ್ಯಾಣದ ಕಡೆ ಹೊರಳಿತು, ಬಿಟ್ಟೇಬಿಡಲೇ ಇದನ್ನು, ಬಿಡುವುದು ಹ್ಯಾಂಗ, ಭಾಗಮ್ಮ ಅಂದ್ರ ಯಾರು ಬೇಟಾ ಎಂದು ನಾನಿ ಮೊನ್ನೆ ಕೇಳಿದಳು, ಈ ವರ್ಷ ಸಂಶೋಧನೆ ಶುರುಮಾಡದಿದ್ದರೆ ಅವಳ ನೆನಪಿನಲ್ಲಿ ಕೇಳಿ ಬರೆದುಕೊಳ್ಳಲು ಏನು ಉಳಿದೀತು. ಬರೆಯುತ್ತಾಳೆ — ನೀವು ಓದದೇ ತೀರ್ಪು ಕೊಟ್ಟಿರಿ — ಅಳಿಸುತ್ತಾಳೆ, ಕ್ಷಮಿಸಿ ಎಂದು ಬರೆಯುತ್ತಾಳೆ, ಯಾಕ ಕ್ಷಮಿಸಬೇಕು, ಅದನ್ನೂ ಅಳಿಸುತ್ತಾಳೆ. ಕೊನೆಗೆ ಬರೆದಳು, ಪ್ರೊಫೆಸರ್ ನಾಗನಾಥ ಅವರಿಗೆ, ಇದನ್ನು ನಿಮಗೊಬ್ಬರಿಗೇ ಬರೆದಿದ್ದೆ, ನಮ್ಮಲ್ಲಿ ಗುರುಗಳ ಹೆಸರು ತೆಗೆದುಕೊಳ್ಳುವುದಿಲ್ಲ, ಒಮ್ಮೆ ಓದಿ. ಎಡಗೈ ಆಗಲೇ ಕಿವಿಗೆ ಹೋಗಿತ್ತು, ಪಕ್ಕದ ಹೆಂಗಸು ವಿಚಿತ್ರವಾಗಿ ನೋಡಿದಳು, ನೋಡಲಿ. ಒತ್ತಿದಳು, ಹೋಯಿತು. ಇನ್ನು ಅವರು ಓದಬೇಕು, ಓದುತ್ತಾರೋ ಇಲ್ಲವೋ, ಒತ್ತಿದ ಹೆಬ್ಬೆರಳು ತಾನಾಗಿ ಅಂಗೈಯೊಳಗೆ ಮಡಚಿಕೊಂಡಿದೆ, ಸಡಿಲ ಬಿಡ್ರಿ, ಸಡಿಲ ಬಿಡ್ರಿ, ಗೆಣ್ಣಿನ ಮೇಲೆ ಭಾಗಮ್ಮನ ಆ ಹಸಿರು ಬಳೆಯೇ ಸಿಕ್ಕಂತೆ, ಇತ್ತ ಇಳಿಯದು, ಅತ್ತ ಬಾರದು.