ಮುಳುಗದ ಗಳಿಗೆಬಟ್ಟಲು

ಮೂವತ್ತೆರಡು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ಬಾಯಿ ನನ್ನದು, ಸುಮ್ಮನಿರುವುದಿಲ್ಲ. ಅದರಿಂದಲೇ ಈ ಸಲ ಸಿಕ್ಕಿಬಿದ್ದೆ.

ಕರೋಶಿಯಲ್ಲಿ ಒಟ್ಟಿಗೆ ಬೆಳೆದ ಗೆಳತಿ ಚಂದ್ರಮತಿ ಲಗ್ನವಾಗಿ ಸಾಂಗಲಿ ಸೇರಿ ನಲವತ್ತು ವರ್ಷ. ಆಮೇಲೆ ನಾವು ಕೂತು ಮಾತಾಡಿದ್ದೇ ಇಲ್ಲ. ಮೊನ್ನೆ ಫೋನು ಮಾಡಿದಳು.

"ರಾಜಮತೀ, ನಾಳೆ ಅಳಿಯಾನ ಗಾಡ್ಯಾಗ ನಿಪ್ಪಾಣಿಗೆ ಹೊಂಟೇನಿ. ಚಿಕ್ಕೋಡ್ಯಾಗ ಇಳದು ನಿನ್ನ ಮನಿಗೆ ಒಂದ ಗಳಿಗಿ ಬಂದ ಹೋಗ್ತೇನಿ."

ದಿನವೆಲ್ಲ ಇರು ಎನ್ನುವುದು ಬಿಟ್ಟು ನಾನು ಪಾಠ ಶುರು ಮಾಡಿದೆ. ಗಳಿಗೆ ಎಂದರೆ ಸಂಸ್ಕೃತದ ಘಟಿಕಾ, ಪುಟ್ಟ ಗಡಿಗೆ. ತಳಕ್ಕೆ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ತಾನಾಗಿ ತುಂಬಿ ಮುಳುಗುತ್ತದೆ. ಅಷ್ಟು ಹೊತ್ತು ಒಂದು ಗಳಿಗೆ. ಗಡಿಯಾರದ ಹೆಸರೂ ಅಲ್ಲಿಂದಲೇ ಬಂದದ್ದು.

"ಅಂದ್ರ ಎಷ್ಟ ನಿಮಿಷ ಬೇ?"

"ಇಪ್ಪತ್ನಾಕು."

"ಆತು, ಅಳಿಯಾಗ ಅಷ್ಟ ಹೇಳ್ತೇನಿ," ಎಂದು ನಕ್ಕಳು. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಆ ಬಟ್ಟಲು ನಮ್ಮ ಮನೆಯಲ್ಲೇ ಇದೆ. ನಮ್ಮಪ್ಪ ಜಿನ್ನಪ್ಪ ಲಗ್ನ ಮಾಡಿಸುವ ಉಪಾಧ್ಯೆಯಾಗಿದ್ದರು. ಬಟ್ಟಲು ಮುಳುಗಿದಾಗಲೇ ಮುಹೂರ್ತ; ಚಂದ್ರಮತಿಯ ಲಗ್ನದ ದಿನ ಅದನ್ನು ಕಾಯಲು ನನ್ನನ್ನೇ ಕೂರಿಸಿದ್ದರು. "ಮುಳುಗಿತು!" ಎಂದು ಕೂಗಿದವಳೂ ನಾನೇ. ಅಕ್ಷತೆ ಬಿತ್ತು, ಸಂಜೆಗೆ ಅವಳು ಹೋದಳು. ಅಂದಿನಿಂದ ಅವಳಿಗಾಗಿ ಹಂಬಲಿಸಿದಷ್ಟು ನಾನು ಯಾರಿಗಾಗಿಯೂ ಹಂಬಲಿಸಿಲ್ಲ.

ಮರುದಿನ ಅವಳು ಬಂದವಳೇ, "ತಗೀ ನಿನ್ನ ಬಟ್ಟಲಾ. ಅದು ಮುಳುಗಿತಂದ್ರ ನಾ ಎದ್ದೆ," ಎಂದಳು. ನಾನು ಹೋಳಿಗೆಗೆ ಕಣಕ ನಾದುತ್ತಿದ್ದೆ. ಬಟ್ಟಲು ಒರೆಸುವ ನೆಪದಲ್ಲಿ ಚಿಟಿಕೆ ಕಣಕವನ್ನು ತೂತಿಗೆ ಒತ್ತಿ, ಬೋಗುಣಿಯ ನೀರಿನ ಮೇಲೆ ಬಿಟ್ಟೆ.

ಚಹಾ ಆಯಿತು, ಹೋಳಿಗೆ ಆಯಿತು, ಹಳೆಯ ಮಾಸ್ತರರನ್ನೆಲ್ಲ ಬೈದದ್ದೂ ಆಯಿತು. ಹೊರಗೆ ಅಳಿಯ ನಿಲೇಶ ಎರಡು ಸಲ ಹಾರ್ನ್ ಹೊಡೆದ. "ಇನ್ನೂ ಮುಳುಗಿಲ್ರೀ!" ಎಂದು ಇವಳು ಕೂಗಿದಳು. ಮೂರನೆಯ ಸಲ ಹೊಡೆದಾಗ ಬಗ್ಗಿ ಬಟ್ಟಲನ್ನು ಎತ್ತಿದಳು. ಹೆಬ್ಬೆರಳು ತಳದಲ್ಲಿ ಕಣಕಕ್ಕೆ ತಾಗಿತು.

ನಾನು ತಲೆ ತಗ್ಗಿಸಿದೆ. ಈಗ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಬಟ್ಟಲನ್ನು ಕಣಕದ ಸಮೇತ ಮತ್ತೆ ನೀರಿಗೆ ಬಿಟ್ಟು ನನ್ನ ಪಕ್ಕದಲ್ಲಿ ಕೂತಳು.

"ಅವತ್ತ ನನ್ನ ಲಗ್ನದಾಗ ಈ ಕಣಕಾ ಯಾಕ ಹಚ್ಚಲಿಲ್ಲ ಬೇ?"