ಹಿಮ್ಮುಖ ಸವಾರ

"ಆ ಗಂಟನ್ನ ಡಿಕ್ಕಿಗೆ ಹಾಕ್ತೀನಿ ಕೊಡಿ ಲಲ್ಲಾ. ತೊಡೆ ಮೇಲೆ ಯಾಕೆ ಹೊರೆ?"

ಬಹೀಜಾ ಕೊಡಲಿಲ್ಲ. ಫೆಸ್ ಪಟ್ಟಣ ಬಿಟ್ಟಾಗಿನಿಂದ ಅಬ್ದೆಲಾಲಿ, ಅಮ್ಮಾವ್ರೇ ಎಂಬಂತೆ 'ಲಲ್ಲಾ' ಹಚ್ಚಿ, ಇದನ್ನೇ ಹೇಳುತ್ತಿದ್ದ. ಹಿಂದಿನ ಸೀಟಿನಲ್ಲಿ ಬೆಲ್ಜಿಯಂನ ಗಂಡ ಹೆಂಡತಿ ಕೂತಿದ್ದರು. ಅವರ ಎದುರು ಒಬ್ಬ ಹೆಂಗಸು ಬಟ್ಟೆಗಂಟು ಅಪ್ಪಿಕೊಂಡಿರುವುದು ತನ್ನ ಕಾರಿನ ಅಂತಸ್ತಿಗೆ ಕಡಿಮೆ ಎಂದು ಅವನಿಗೆ ಅನ್ನಿಸಿರಬೇಕು.

ಇಡೀ ದಿನಕ್ಕೆ ಗೊತ್ತುಮಾಡಿಕೊಂಡ ಖಾಸಗಿ ಕಾರು. ಮೊದಲು ಮೆಕ್ನೆಸ್, ಆಮೇಲೆ ದರ್ಗಾದ ಊರು ಮೌಲೇ ಇದ್ರೀಸ್, ಕೊನೆಗೆ ರೋಮನ್ನರ ಕಾಲದ ವಲೀಲಿಯ ಹಾಳೂರು. ಅವಳ ಗಂಡ ತೌಫೀಕ್ ಇದ್ದಾಗ ಅಬ್ದೆಲಾಲಿ ಕಾರು ಓಡಿಸುತ್ತಿದ್ದ, ತೌಫೀಕ್ ಪ್ರವಾಸಿಗರಿಗೆ ಊರು ತೋರಿಸುತ್ತ ಮಾತಾಡುತ್ತಿದ್ದ. ಈಗ ಅಬ್ದೆಲಾಲಿ ಎರಡನ್ನೂ ಮಾಡುತ್ತಾನೆ. ಮುಂದಿನ ಸೀಟು ಖಾಲಿ. "ಬನ್ನಿ, ನಿಮಗೂ ಸ್ವಲ್ಪ ಗಾಳಿ ಬದಲಾಗುತ್ತೆ" ಎಂದು ಅವನೇ ಕರೆದಿದ್ದ.

ಗಂಡನ ಸೀಟಿನಲ್ಲಿ ಕೂತಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ ಎಂಬುದನ್ನು ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಿನ ಗಮನದಿಂದ ಗುರುತಿಸಿದಳು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಸತ್ತವರ ಬಗ್ಗೆ ನಿರ್ವಿಕಾರವಾಗಿ ಮಾತಾಡುವುದು ಅವಳ ವೃತ್ತಿ.

ಗಂಟಿನಲ್ಲಿದ್ದದ್ದು ಬಿಳಿ. ಬಿಳಿಯ ನಿಲುವಂಗಿ, ಬಿಳಿಯ ತಲೆವಸ್ತ್ರ, ಬಿಳಿಯ ಕಾಲುಚೀಲ. ಗಂಡ ಸತ್ತವಳು ಶೋಕದ ತಿಂಗಳುಗಳನ್ನು ಇದರೊಳಗೆ ಕಳೆಯಬೇಕು. ಇದು ಅವಳಿಗಾಗಿ ಹೊಲಿಸಿದ್ದಲ್ಲ. ಪಕ್ಕದ ಮನೆಯ ಲಲ್ಲಾ ಖದ್ದೂಜ್ ಉಟ್ಟು ಮುಗಿಸಿ ಮಡಿಸಿಟ್ಟದ್ದು. ಅದಕ್ಕೂ ಮುಂಚೆ ಇನ್ಯಾರದೋ. ತೋಳು ಬೆರಳಿನ ತುದಿ ಮುಚ್ಚುವಷ್ಟು ಉದ್ದ. ಆ ತಿಂಗಳುಗಳಲ್ಲಿ ಅವಳು ಊಟಕ್ಕೆ ಕೂತಾಗಲೆಲ್ಲ ಬೇರೊಬ್ಬಳ ತೋಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದಳು.

"ಮನೇಲಿ ಇಟ್ಕೋಬಾರ್ದು ಮಗಳೇ" ಎಂದಿದ್ದಳು ಅತ್ತೆ. "ಇಟ್ಕೊಂಡ್ರೆ ಇನ್ನೊಂದು ಸಾವನ್ನ ಕರೆದ ಹಾಗೆ. ಮೌಲೇ ಇದ್ರೀಸ್‌ಗೆ ಹೋಗ್ತೀಯಲ್ಲ, ದರ್ಗಾದ ಬಾಗಿಲಲ್ಲಿ ಯಾರಾದ್ರೂ ಬಡವೆ, ಗಂಡ ಸತ್ತೋಳು ಇದ್ರೆ ಕೊಟ್ಟು ಬಾ."

ಮೆಕ್ನೆಸ್‌ನಲ್ಲಿ ದೊಡ್ಡ ಹೆಬ್ಬಾಗಿಲಿಗೆ ದುರಸ್ತಿಗೆಂದು ಸಾರುವೆ ಕಟ್ಟಿದ್ದರು. ಅಬ್ದೆಲಾಲಿ ಕೆಲಸದ ಜಾಗದ ತಗಡಿನ ಸಂದಿಯಿಂದ ಅಮೃತಶಿಲೆಯ ಕಂಬಗಳನ್ನು ತೋರಿಸಿದ.

"ಈ ಕಂಬಗಳನ್ನ ಸುಲ್ತಾನರು ವಲೀಲಿಯಿಂದ ತಂದಿದ್ದಂತೆ."

"ಕದ್ದು?" ಎಂದರು ಬೆಲ್ಜಿಯಂನ ಗಂಡಸು.

"ಸುಲ್ತಾನರು ಕದಿಯೋದಿಲ್ಲ ಮುಸ್ಯೂ. ತರಿಸ್ತಾರೆ."

ಇಬ್ಬರೂ ನಕ್ಕರು. ಅದು ತೌಫೀಕನ ಮಾತು. ಅವನು ಕೊನೆಯ ಪದದ ಮೊದಲು ಹುಬ್ಬೆತ್ತುತ್ತಿದ್ದ; ಅಬ್ದೆಲಾಲಿಯೂ ಎತ್ತಿದ. ಬಹೀಜಾಳ ಎದೆಯಲ್ಲಿ ಏನೋ ಮೆತ್ತಗಾಯಿತು. ಸತ್ತವನ ತಮಾಷೆಯಾದರೂ ಬದುಕಿದೆ ಎಂದುಕೊಂಡಳು. ಆ ದಿನ ಅವಳಿಗೆ ಅನ್ನಿಸಿದ ಮೊದಲ ಭಾವನೆ ಅದು.

ಮೌಲೇ ಇದ್ರೀಸ್‌ನಲ್ಲಿ ಆ ಇಬ್ಬರನ್ನು ಕೆಂಡದ ಮೇಲೆ ಮಾಂಸ ಸುಡುವ ಅಂಗಡಿಯ ಮುಂದೆ ಕೂರಿಸಿ ಅಬ್ದೆಲಾಲಿ ಫೋನು ಹಿಡಿದ. ಬಹೀಜಾ ಗಂಟನ್ನೆತ್ತಿಕೊಂಡು ದರ್ಗಾದ ಕಡೆ ನಡೆದಳು. ದಾರಿಗೆ ಅಡ್ಡಲಾಗಿ ಎದೆಮಟ್ಟದಲ್ಲಿ ಮರದ ತೊಲೆ. ಕತ್ತೆಗಳೂ ಪರಧರ್ಮದವರೂ ಅಲ್ಲಿಂದಾಚೆ ಬರಬಾರದು. ಅವಳು ಬಗ್ಗಿ ದಾಟಿದಳು.

ಬಾಗಿಲ ಬಳಿ ಮೇಣದಬತ್ತಿ ಮಾರುವವರ ಪಕ್ಕ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಗಂಟನ್ನು ನೋಡಿದ್ದೇ ಅವಳಿಗೆ ಗೊತ್ತಾಯಿತು.

"ಬಿಳೀನಾ?"

"ಹೌದು."

"ಒಳ್ಳೇವ್ನಾಗಿದ್ನಾ?"

"ಯಾರು?"

"ಇನ್ಯಾರು, ನಿನ್ನ ಗಂಡ. ಕೆಟ್ಟೋನ ಬಿಳೀನೂ ತಗೋತೀನಿ ಬಿಡು, ಬಟ್ಟೆ ಏನು ಮಾಡಿತ್ತು ಪಾಪ. ಆದ್ರೆ ದುವಾ ಎಷ್ಟು ಜೋರಾಗಿ ಮಾಡ್ಬೇಕು ಅಂತ ಗೊತ್ತಾಗ್ಬೇಕಲ್ಲ."

ಬಹೀಜಾಳಿಗೆ ನಗು ಬಂತು. "ಒಳ್ಳೇವ್ರಾಗಿದ್ರು."

"ಎಲ್ಲರೂ ಹಂಗೇ ಹೇಳ್ತಾರೆ. ಕೊಡು."

ಕೊಡಲು ಕೈ ಚಾಚಿದಳು. ಗಂಟು ಕೈಯಲ್ಲೇ ಉಳಿಯಿತು. ಮುದುಕಿ ಒಂದು ತುದಿ ಹಿಡಿದಿದ್ದಳು, ಇವಳು ಇನ್ನೊಂದು ತುದಿ ಬಿಡಲಿಲ್ಲ.

ಒಳ್ಳೆಯವನಾಗಿದ್ದನೇ? ಹೆಚ್ಚು ಹೊತ್ತು ರಸ್ತೆಯ ಮೇಲಿರುತ್ತಿದ್ದ. ಮನೆಗೆ ಬಂದರೆ ಗಂಟಲು ನೋವು ಎಂದು ಮಾತಾಡುತ್ತಿರಲಿಲ್ಲ. ಬಯ್ಯಲಿಲ್ಲ, ಹೊಡೆಯಲಿಲ್ಲ. ಮಕ್ಕಳಾಗಲಿಲ್ಲ. ಆಸ್ಪತ್ರೆಯಲ್ಲಿ ಸಾಯುವಾಗ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವಳು ಚಹಾ ತರಲು ಹೋಗಿದ್ದಳು. ಇಷ್ಟೇ ಆಗಿದ್ದರೆ ಅವಳು ಬಿಳಿಯನ್ನು ಯಾವತ್ತೋ ಕೊಟ್ಟುಬಿಡುತ್ತಿದ್ದಳು.

ಆದರೆ ಒಂದು ಮಧ್ಯಾಹ್ನ ಇತ್ತು. ಮದುವೆಗೆ ಮುಂಚೆ ಅವನು ಅವಳನ್ನು ವಲೀಲಿಗೆ ಕರೆದುಕೊಂಡು ಹೋಗಿದ್ದ. ನೆಲಚಿತ್ರವಿದ್ದ ಒಂದು ಮನೆಯಲ್ಲಿ, ಬಿಸಿಲಿಗೆ ಬಿಳಿಚಿಕೊಂಡ ಕಲ್ಲಿನ ಹರಳುಗಳ ಮೇಲೆ ಬಾಟಲಿಯ ನೀರು ಸುರಿದ. ಒಳಗಿನಿಂದ ಕೆಂಪು, ಹಳದಿ, ಹಸಿರು ಎದ್ದು ಬಂದವು. ಚಿತ್ರದಲ್ಲಿ ಕತ್ತೆಯ ಮೇಲೆ ಒಬ್ಬ ಗಂಡಸು ಹಿಂದುಮುಂದಾಗಿ ಕೂತಿದ್ದ, ಕೈಯಲ್ಲಿ ಬಟ್ಟಲು. "ಇವನಿಗೆ ಎಲ್ಲಿಗೆ ಹೋಗ್ತಿದ್ದೀನಿ ಅನ್ನೋದು ಬೇಡ. ಯಾರನ್ನ ಬಿಟ್ಟು ಹೋಗ್ತಿದ್ದೀನಿ, ಅದನ್ನ ನೋಡ್ತಿದ್ದಾನೆ" ಎಂದಿದ್ದ ತೌಫೀಕ್. "ನಿನಗಿಂತ ಮುಂಚೆ ನಾನು ಹೋಗ್ಬೇಕಾಗಿ ಬಂದ್ರೆ ಹೀಗೇ ಹೋಗ್ತೀನಿ. ಹಿಮ್ಮುಖವಾಗಿ. ನಿನ್ನನ್ನೇ ನೋಡ್ತಾ."

ಶೋಕದ ತಿಂಗಳುಗಳನ್ನು ಅವಳು ಆ ಮಾತನ್ನೇ ನಂಬಿ ಕಳೆದಿದ್ದಳು. ಗೋಡೆಯ ಕಡೆ ತಿರುಗಿದ್ದು ಅವನ ಮೈ ಮಾತ್ರ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡಿದ್ದಳು.

"ಸಂಜೆ ವಾಪಸ್ ಹೋಗ್ವಾಗ ಕೊಡ್ತೀನಿ" ಎಂದಳು. ಒಮ್ಮೆ ಆ ಕತ್ತೆಯನ್ನು ನೋಡಿ ಬರಬೇಕಿತ್ತು. ಆಮೇಲೆ ಬಿಡಬಹುದು.

"ಸಂಜೆ ನಾನಿರಲ್ಲ" ಎಂದು ಮುದುಕಿ ತುದಿಯನ್ನು ಬಿಟ್ಟಳು. "ಬೇರೆ ಯಾವಳಾದ್ರೂ ಇರ್ತಾಳೆ. ನಮ್ಮಂಥೋರಿಗೆ ಇಲ್ಲಿ ಬರವಾ?"

ವಲೀಲಿಯ ಬಾಗಿಲಲ್ಲಿ ಅಬ್ದೆಲಾಲಿ ಅವರನ್ನು ಅಲ್ಲಾಲ್ ಎಂಬವನಿಗೆ ಒಪ್ಪಿಸಿದ. ಒಳಗೆ ಕರೆದುಕೊಂಡು ಹೋಗಲು ಮಾರ್ಗದರ್ಶಿಯ ಪರವಾನಗಿ ಬೇಕು; ತೌಫೀಕನಿಗಿತ್ತು, ಅಬ್ದೆಲಾಲಿಗೆ ಇರಲಿಲ್ಲ. ಅಲ್ಲಾಲ್‌ಗೆ ವಯಸ್ಸಾಗಿತ್ತು. ಹುಲ್ಲಿನ ಟೋಪಿ, ಕಂಕುಳಲ್ಲಿ ನೀರಿನ ಬಾಟಲಿ. ಬಹೀಜಾಳನ್ನು ಅವನು ಬಂದ ಅತಿಥಿಗಳಲ್ಲಿ ಒಬ್ಬಳೆಂದು ತಿಳಿದು ಫ್ರೆಂಚಿನಲ್ಲೇ ಸ್ವಾಗತಿಸಿದ. ಅವಳು ತಿದ್ದಲಿಲ್ಲ.

ಗೋಧಿ ಕೊಯ್ದ ಬಯಲು. ಮುರಿದ ಕಂಬಗಳ ಮೇಲೆ ಕೊಕ್ಕರೆಗಳ ಗೂಡು. ಅಲ್ಲಾಲ್ ನಡೆಯುತ್ತ ಮಾತಾಡಿದ, ಮಾತಾಡುತ್ತ ನಡೆದ. ಎಣ್ಣೆಯ ಗಾಣ, ಸ್ನಾನದ ಮನೆ, ನ್ಯಾಯದ ಕಟ್ಟೆ. ಅವನು ಹೇಳುವುದರಲ್ಲಿ ಅರ್ಧದಷ್ಟು ತಪ್ಪೆಂದು ಅವಳಿಗೆ ಗೊತ್ತಿತ್ತು. ತೌಫೀಕನೂ ಇವನ್ನೇ ಹೇಳುತ್ತಿದ್ದ. ಆಗ ಅವಳು ತಿದ್ದಿದರೆ, "ನಿನ್ನ ರೋಮನ್ನರು ಪುಸ್ತಕದಲ್ಲಿರ್ತಾರೆ, ನನ್ನೋರು ಬಿಸಿಲಲ್ಲಿ" ಎನ್ನುತ್ತಿದ್ದ.

ಹಗ್ಗ ಕಟ್ಟಿದ ಒಂದು ಮನೆಯ ಮುಂದೆ ಅಲ್ಲಾಲ್ ನಿಂತ. ಅವಳ ಕಾಲಿಗೆ ಮೊದಲೇ ಗೊತ್ತಾಗಿತ್ತು.

"ಕಾವಲಿನೋನು ಕಂಡ್ರೆ ಸೀಟಿ ಊದ್ತಾನೆ" ಎಂದು ಅಲ್ಲಾಲ್ ಕಣ್ಣು ಮಿಟುಕಿಸಿ ಬಾಟಲಿಯ ಮುಚ್ಚಳ ತೆಗೆದ. "ಆದ್ರೆ ಬಣ್ಣ ನೋಡ್ದೆ ಹೋಗೋದು ಪಾಪ."

ನೀರು ಸುರಿದ. ಕೆಂಪು ಎದ್ದಿತು. ಕತ್ತೆ ಎದ್ದಿತು. ಬಟ್ಟಲು ಹಿಡಿದ ಗಂಡಸು ಅವಳನ್ನು ನೋಡಿದ. ಬಹೀಜಾ ಗಂಟನ್ನು ಎದೆಗೆ ಒತ್ತಿಕೊಂಡಳು.

"ಮದುವೆಗೆ ಮುಂಚೆ" ಎಂದು ಅಲ್ಲಾಲ್ ದನಿ ತಗ್ಗಿಸಿದ, "ನಾನು ಮದುವೆಯಾಗಲಿದ್ದ ಹುಡುಗೀನ ಇಲ್ಲಿಗೆ ಕರ್ಕೊಂಡು ಬಂದಿದ್ದೆ ಮದಾಮ್. ಇದೇ ಜಾಗ. ಅವಳು ನನ್ಮೇಲೆ ಕೋಪ ಮಾಡ್ಕೊಂಡಿದ್ಲು. ಮಾತಿಲ್ಲ. ನಾನು ನೀರು ಹಾಕ್ದೆ. ಹೇಳ್ದೆ: ನೋಡು, ಇವನಿಗೆ ಎಲ್ಲಿಗೆ ಹೋಗ್ತಿದ್ದೀನಿ ಅನ್ನೋದು ಬೇಡ..."

ಬಾಟಲಿಯಲ್ಲಿ ಉಳಿದ ನೀರನ್ನು ಅವನು ಕತ್ತೆಯ ಕಿವಿಯ ಮೇಲೆ ತಟತಟ ಹನಿಸಿದ. ತೌಫೀಕನೂ ಹಾಗೇ ಹನಿಸಿದ್ದ. ಆಮೇಲೆ ಅಲ್ಲಾಲ್ ಬಾಯಿಂದಲೂ ಅದೇ ಮಾತು, ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಿಮ್ಮುಖವಾಗಿ. ನಿನ್ನನ್ನೇ ನೋಡ್ತಾ.

ಮದಾಮ್ ಗಂಡನ ತೋಳು ಹಿಡಿದಳು. ಕಣ್ಣಲ್ಲಿ ನೀರು.

ಆ ದಿನ ತನಗೆ ಕೋಪ ಬಂದಿರಲಿಲ್ಲ ಎಂಬುದು ಬಹೀಜಾಳಿಗೆ ನೆನಪಾಯಿತು. "ಕೋಪ ಮಾಡ್ಕೊಂಡಿದ್ದೀಯ" ಎಂದು ತೌಫೀಕನೇ ಹೇಳಿದ್ದ. ಇಲ್ಲ ಎಂದರೂ ಬಿಟ್ಟಿರಲಿಲ್ಲ. ತನಗೇ ಕಾಣದ್ದು ಇವನಿಗೆ ಕಂಡಿತಲ್ಲ ಎಂದು ಅವಳು ಬೆರಗಾಗಿದ್ದಳು. ಕಥೆಗೆ ಕೋಪಗೊಂಡ ಹುಡುಗಿ ಬೇಕಿತ್ತು.

ಮುಸ್ಯೂ ಮತ್ತು ಮದಾಮ್ ಫೋಟೋ ತೆಗೆಯಲು ಆಚೆ ಹೋದರು. ಬಹೀಜಾ ಅಲ್ಲಾಲ್‌ನನ್ನು ಅವನ ಭಾಷೆಯಲ್ಲೇ ಕೇಳಿದಳು.

"ನಿಮ್ಮ ಹೆಂಡತಿ ಏನಂದ್ರು ಆಗ?"

ಅವಳು ಇಲ್ಲಿಯವಳೇ ಎಂದು ತಿಳಿದು ಅವನ ಮುಖ ಸಡಿಲವಾಯಿತು. "ನನ್ನ ಹೆಂಡ್ತೀನಾ? ಅವಳು ಈ ಕಡೆ ತಲೆ ಹಾಕಿಲ್ಲ ಲಲ್ಲಾ. 'ಕಲ್ಲು ನೋಡೋಕೆ ಬಿಸಿಲಲ್ಲಿ ಯಾರು ಸಾಯ್ತಾರೆ' ಅಂತಾಳೆ." ನಕ್ಕ. "ಇದು ಎಲ್ಲರದೂ. ಇಲ್ಲಿ ಯಾರನ್ನ ಕೇಳಿ, ಹೇಳ್ತಾರೆ."

"ಎಲ್ಲರೂ?"

"ನನಗೆ ಒಬ್ಬ ಮುದುಕ ಹೇಳ್ಕೊಟ್ಟಿದ್ದ. ಹೇಳೋದಂದ್ರೆ ಫೆಸ್‌ನ ತೌಫೀಕ್ ಹೇಳ್ಬೇಕು, ದೇವರು ಅವನನ್ನ ಕ್ಷಮಿಸ್ಲಿ, ಈಚೆಗೆ ತೀರ್ಕೊಂಡ. ಗಂಡಸರನ್ನೂ ಅಳಿಸ್ತಿದ್ದ. ನಾವೆಲ್ಲ 'ನನ್ನ ಹೆಂಡ್ತಿ' ಅಂತಿದ್ವಿ. ಅವನು 'ಮದುವೆಯಾಗಲಿರೋ ಹುಡುಗಿ' ಅಂತ ಮಾಡ್ದ. ಎಷ್ಟು ಚೆನ್ನಾಗಾಯ್ತು ನೋಡಿ."

"ಯಾವಾಗ? ಮದುವೆಗೆ ಮುಂಚೆನಾ, ಆಮೇಲಾ?"

"ಅಯ್ಯೋ, ಕೆಲಸ ಕಲಿಯೋಕೆ ಬಂದಾಗ್ಲೇ. ಮೀಸೆ ಕೂಡ ಸರಿಯಾಗಿ ಬಂದಿರ್ಲಿಲ್ಲ. ಆಗೆಲ್ಲಿ ಹುಡುಗಿ, ಎಲ್ಲಿ ಮದುವೆ!"

ಅವಳು ತೌಫೀಕನನ್ನು ಮೊದಲು ಕಂಡಾಗ ಅವನ ಕಿವಿಯ ಮೇಲೆ ಕೂದಲು ನರೆತಿತ್ತು. ಹಾಗಾದರೆ ಅವಳು ಸಿಗುವ ಮೊದಲೇ ಆ ಮಾತಿನೊಳಗೆ ಒಬ್ಬ ಹುಡುಗಿ ಇದ್ದಳು. ಅಷ್ಟು ವರ್ಷ ಆ ಜಾಗ ಖಾಲಿಯಿತ್ತು. ಅವಳು ಬಂದು, ತನ್ನ ಅಳತೆಯದ್ದಲ್ಲದ ಜಾಗದಲ್ಲಿ ಕೂತು, ಕೃತಜ್ಞಳಾಗಿದ್ದಳು.

ಅಬ್ದೆಲಾಲಿ ಕಲ್ಲುದಾರಿಯಲ್ಲಿ ಏದುಸಿರು ಬಿಡುತ್ತ ಬಂದ. "ಏನು ಅಲ್ಲಾಲ್ ಚಿಕ್ಕಪ್ಪಾ, ಪರಿಚಯ ಆಯ್ತಾ? ನಮ್ಮ ತೌಫೀಕನ ಮನೆಯವ್ರು."

ಅಲ್ಲಾಲ್ ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಬಾಟಲಿಯ ಮುಚ್ಚಳವನ್ನು ಎಷ್ಟು ತಿರುಗಿಸಿದರೂ ಅದು ಕೂರಲಿಲ್ಲ.

"ಹೊಟ್ಟೆಪಾಡು ಲಲ್ಲಾ" ಎಂದ. "ಬೇರೆಯೋರಿಗೆ ಹೇಳೋದು ಬೇರೆ. ನಿಮಗೆ ನಿಜವಾಗ್ಲೂ ಹೇಳಿರ್ತಾನೆ."

"ಅದೇ ಮಾತು."

"ಮಾತು ಅದೇ ಇರ್ಬಹುದು. ಮನಸ್ಸು..." ಅವನು ಬಾಟಲಿಯನ್ನು ಗೋಡೆಯ ಮೇಲಿಟ್ಟು, ಮುಸ್ಯೂ ಕರೆದಂತಾಯಿತೆಂದು ಹೊರಟುಹೋದ. ಮುಸ್ಯೂ ಕರೆದಿರಲಿಲ್ಲ.

ಬಹೀಜಾ ಅಬ್ದೆಲಾಲಿಯ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

"ಏನು?"

"ಈ ಕತ್ತೆ."

ಅವನು ಕತ್ತೆಯನ್ನು ನೋಡಿದ, ಮೊದಲ ಸಲ ನೋಡುವವನ ಹಾಗೆ. "ಎಲ್ಲರಿಗೂ ಗೊತ್ತಿರೋದೇ ಅಲ್ವಾ. ನಿಮಗೂ ಗೊತ್ತು ಅಂದ್ಕೊಂಡಿದ್ವಿ." ಕತ್ತೆಯನ್ನೇ ನೋಡುತ್ತ ಮುಂದುವರಿಸಿದ, "ಮದುವೆಗೆ ಮುಂಚೆ ನಿಮ್ಮನ್ನ ಕರ್ಕೊಂಡು ಬಂದ ದಿನ ಕಾರು ಓಡಿಸಿದ್ದು ನಾನೇ. ಸಂಜೆ ನಿಮ್ಮನ್ನ ಮನೆಗೆ ಬಿಟ್ಮೇಲೆ ಅವನನ್ನ ಕೇಳ್ದೆ, ಏನಾಯ್ತು ಅಂತ."

"ಏನಂದ್ರು?"

"ಬಿಡಿ ಲಲ್ಲಾ."

"ಏನಂದ್ರು ಹೇಳಿ."

"'ಕೆಲಸ ಮಾಡ್ತು' ಅಂದ." ಅಬ್ದೆಲಾಲಿ ಕಾಲಿನಿಂದ ಒಂದು ಕಲ್ಲು ಸರಿಸಿದ. "ನಗ್ತಾ ಹೇಳ್ದ. ಖುಷಿಯಾಗಿದ್ದ. ಖುಷಿಯಾಗೇ ಇದ್ದ, ಆಣೆ ಮಾಡ್ತೀನಿ. ಬನ್ನಿ, ಹೊತ್ತಾಯ್ತು. ಆ ಗಂಟು ಇನ್ನೂ ಕೊಟ್ಟಿಲ್ವಾ? ದಾರೀಲೇ ಸಿಗುತ್ತೆ, ನಿಲ್ಲಿಸ್ತೀನಿ."

"ನೀವು ನಡೀರಿ. ಬರ್ತೀನಿ."

ಅವನು ಹೋದ. ಅವಳು ನಿಂತಳು.

ನೀರು ಅಂಚಿನಿಂದ ಒಣಗತೊಡಗಿತ್ತು. ಕತ್ತೆಯ ಗೊರಸು ಆಗಲೇ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಾಲ ಹೋಯಿತು. ಬಟ್ಟಲು ಹಿಡಿದ ಕೈ ಇನ್ನೂ ಕೆಂಪಾಗಿತ್ತು, ಮುಖ ಇನ್ನೂ ಇತ್ತು. ಆ ಮುಖ ಅವಳನ್ನೇ ನೋಡುತ್ತಿತ್ತು. ಅವಳು ಒಂದು ಹೆಜ್ಜೆ ಬಲಕ್ಕೆ ಸರಿದಳು. ಈಗಲೂ ಅವಳನ್ನೇ ನೋಡುತ್ತಿತ್ತು. ಎಡಕ್ಕೆ ಸರಿದಳು. ಎಲ್ಲಿ ನಿಂತವರನ್ನೂ ಅದು ಹಾಗೇ ನೋಡುತ್ತದೆ.

ಕೆಲಸ ಮಾಡ್ತು. ಖುಷಿಯಾಗಿದ್ದ. ಎರಡೂ ನಿಜವಿರಬಹುದು. ಕೇಳಲು ಈಗ ಯಾರೂ ಇರಲಿಲ್ಲ.

ಅವಳು ಹಗ್ಗದ ಕೆಳಗೆ ಬಗ್ಗಿದಳು, ಮೌಲೇ ಇದ್ರೀಸ್‌ನ ತೊಲೆಯ ಕೆಳಗೆ ಬಗ್ಗಿದ ಹಾಗೆಯೇ. ನೆಲಚಿತ್ರದ ಮೇಲೆ ಮಂಡಿಯೂರಿದಳು. ಹರಳುಗಳು ಬಿಸಿಯಾಗಿದ್ದವು. ಗಂಟಿನ ಕಟ್ಟು ಬಿಚ್ಚಿ ಬಿಳಿಯ ನಿಲುವಂಗಿಯನ್ನು ಹೊರಗೆಳೆದಳು, ಉದ್ದದ ತೋಳುಗಳನ್ನು ಒಳಕ್ಕೆ ಮಡಚಿ ಮುದ್ದೆ ಮಾಡಿಕೊಂಡಳು. ಮನೆಯಲ್ಲಿ ಚಹಾ ಚೆಲ್ಲಿದರೆ ಒರೆಸುವಂತೆ, ಆತುರವಿಲ್ಲದೆ, ಅಂಚಿನಿಂದ ಒಳಕ್ಕೆ ಒರೆಸಿದಳು. ಬಟ್ಟಲು ಹೋಯಿತು. ಕೈ ಹೋಯಿತು. ಮುಖದ ಮೇಲೆ ಬಟ್ಟೆಯನ್ನು ಒತ್ತಿ ಹಿಡಿದಳು, ಅದು ಎಲ್ಲ ನೀರನ್ನೂ ಹೀರಿಕೊಳ್ಳುವವರೆಗೆ.

ದೂರದಲ್ಲಿ ಕಾವಲಿನವನು ಸೀಟಿ ಊದಿದ. ಕೊಕ್ಕರೆಗಳು ಕಂಬ ಬಿಟ್ಟು ಎದ್ದವು. ಮತ್ತೆ ಊದಿದ.

ಅವಳು ಬಟ್ಟೆ ಎತ್ತಲಿಲ್ಲ. ಬಿಳಿಯ ಮೇಲೆ ಕೆಮ್ಮಣ್ಣಿನ ಒದ್ದೆ ನಿಧಾನವಾಗಿ ಹರಡುತ್ತಿತ್ತು, ಒಂದು ಮುಖದಷ್ಟು ಅಗಲಕ್ಕೆ. ಆ ಕಲೆಗೆ ಕಣ್ಣಿರಲಿಲ್ಲ.